ಬೋಂಡಾ ವಾಸನೆಯ ಬಿಸಿನೀರು

ನನ್ನ ನಾದಿನಿಯ ಬಾಯಲ್ಲಿ ಯಾವ ಲೆಕ್ಕವೂ ಇದ್ದಷ್ಟೇ ಇರುವುದಿಲ್ಲ. ಮದುವೆಗೆ ನೂರು ಜನ ಬಂದಿದ್ದರೆ ಅವಳ ಪ್ರಕಾರ ಸಾವಿರ. ಮಾರ್ಕೆಟ್ಟಿನಲ್ಲಿ ಕಂಡ ಹಲಸಿನಹಣ್ಣು ಅವಳು ಮನೆಗೆ ಬಂದು ಹೇಳುವಷ್ಟರಲ್ಲಿ ಆಟೋದಷ್ಟು ದೊಡ್ಡದಾಗಿರುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು; ಎಗ್ಸಾಜರೇಷನ್ ಎಂದರೆ ನಮ್ಮ ಸಿಸ್ಟರ್‌ಗಳಿಗೆ ಸುಳ್ಳಿಗಿಂತ ಒಂದೇ ಮೆಟ್ಟಿಲು ಕೆಳಗೆ. ಆದರೂ ಇವಳ ಮಾತು ಕೇಳಲು ನನಗೆ ಮೊದಲಿಂದಲೂ ಆಸೆ. ಅಗ್ರಹಾರದ ನಮ್ಮ ಮನೆಗೆ ಅವಳು ಬಂದ ದಿನ ಟೀವಿ ಹಾಕುವುದೇ ಬೇಡ.

ಹೂಟಗಳ್ಳಿಯಲ್ಲಿ ಅವಳದೊಂದು ವಾಟರ್ ಸರ್ವಿಸ್ ಇದೆ. ಗಂಡ ಶುರು ಮಾಡಿದ್ದು. ಅವರು ಹೋದ ಮೇಲೆ ಇವಳೇ ನಡೆಸುತ್ತಿದ್ದಾಳೆ. ಲಾರಿ, ಟೆಂಪೋಗಳ ಜೊತೆಗೆ ಅಡುಗೆ ಕಂಟ್ರಾಕ್ಟಿನವರ ದೊಡ್ಡ ದೊಡ್ಡ ಕೊಪ್ಪರಿಗೆಗಳೂ ಅಲ್ಲಿಗೆ ತೊಳೆಯಲು ಬರುತ್ತವೆ. ಗ್ರೀಸು, ಜಿಡ್ಡು ತಣ್ಣೀರಿಗೆ ಜಗ್ಗುವುದಿಲ್ಲ. ಅದಕ್ಕೇ ಅವಳ ಹತ್ತಿರ ಬಿಸಿನೀರಿನ ಪ್ರೆಷರ್ ಮಿಷನ್ ಒಂದಿದೆ. ಅದರ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಕೊಳವೆ, ಜೊತೆಗೊಂದು ಬರ್ನರ್. ಬರ್ನರ್ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿ ಉರಿಸುತ್ತದೆ, ಕೊಳವೆಯೊಳಗೆ ಹರಿಯುವ ನೀರು ಕಾಯುತ್ತದೆ, ಆಚೆ ಕಡೆ ಗನ್ನಿನಿಂದ ಹಬೆಯಾಡುತ್ತಾ ಚಿಮ್ಮುತ್ತದೆ. ಕಪ್ಪು ಹಿಡಿದ ಕೊಪ್ಪರಿಗೆ ಕಣ್ಣೆದುರೇ ಬೆಳ್ಳಗಾಗುವುದನ್ನು ನೋಡುತ್ತಾ ಎಷ್ಟೋ ಮಧ್ಯಾಹ್ನ ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಬೆಟರ್ ದ್ಯಾನ್ ಸಿನಿಮಾ.

ತೊಂದರೆ ಬಂದದ್ದು ಹೊಗೆಯಿಂದ. ಅವಳ ಜಾಗದ ಹಿಂದೆ ಹೊಸ ಮನೆಗಳೆದ್ದವು. ಮಿಷನ್ ಹಚ್ಚಿದಾಗಲೆಲ್ಲ ಡೀಸೆಲ್ ಹೊಗೆ ನೇರವಾಗಿ ಆ ಬಾಲ್ಕನಿಗಳಿಗೆ ನುಗ್ಗುತ್ತಿತ್ತು. ಒಣಗಲು ಹಾಕಿದ ಬಟ್ಟೆಯೆಲ್ಲ ಪೆಟ್ರೋಲ್ ಬಂಕಿನ ವಾಸನೆ. ಅಲ್ಲಿನವರು ಸೇರಿಕೊಂಡು ಜಾಗದ ಮಾಲೀಕರ ಹತ್ತಿರ ಹೋದರು. ಮಾಲೀಕರು ಇವಳಿಗೆ ಹೇಳಿದ್ದು ಒಂದೇ ಮಾತು: ಅವರನ್ನು ಸಮಾಧಾನ ಮಾಡಿ, ಇಲ್ಲದಿದ್ದರೆ ಜಾಗ ಖಾಲಿ ಮಾಡಿ.

“ಇನ್ನೆಲ್ಲಿಗೆ ಹೋಗ್ಲಿ ಅತ್ತಿಗೆ?” ಎಂದು ನನ್ನೆದುರು ಕೂತವಳ ಮಾತು ಅಷ್ಟಕ್ಕೇ ನಿಂತಿತು. ಅವಳ ಬಾಯಿಂದ ಅಷ್ಟು ಚಿಕ್ಕ ಮಾತನ್ನು ನಾನು ಕೇಳಿರಲೇ ಇಲ್ಲ.

ಡೀಸೆಲ್ ಬಿಟ್ಟು ಬೇರೇನಾದರೂ ಉರಿಸಿದರೆ ಹೇಗೆ ಎಂಬ ಯೋಚನೆ ಅವಳಿಗೆ ಬಂದದ್ದು ಆಗಲೇ. ಕೊಪ್ಪರಿಗೆ ತರುವ ಅಡುಗೆಯವರ ಬಳಿ ಕರಿದು ಉಳಿದ ಪಾಮಾಯಿಲ್ ಬೇಕಾದಷ್ಟಿತ್ತು. ಅದನ್ನು ಹಳೆಯ ಪಂಚೆಯಲ್ಲಿ ಸೋಸಿ ಟ್ಯಾಂಕಿಗೆ ಸುರಿದಳು. “ನಮ್ಮನೆ ಹಂಡೆ ಒಲೆ ಏನ್ ಹಾಕಿದ್ರೂ ಉರೀತಿರ್ಲಿಲ್ವಾ? ಇದಕ್ಕೇನ್ ಬಂದಿದೆ ರೋಗ!” ಎಂಬುದು ಅವಳ ವಾದ. ನಿಜವೇ. ಬಚ್ಚಲಿನ ಆ ಒಲೆ ತೆಂಗಿನ ಚಿಪ್ಪು, ಮರದ ಹೊಟ್ಟು, ಮುರಿದ ಮಣೆ, ಎಲ್ಲವನ್ನೂ ತಿನ್ನುತ್ತಿತ್ತು. ಈಗ ಗೀಸರಿನ ನೀರು ಮೈಮೇಲೆ ಬಿದ್ದಾಗಲೂ ಆ ಹೊಗೆ ಬೆರೆತ ನೀರಿನ ಘಮ ನೆನಪಾಗಿ ಒಂದು ಕ್ಷಣ ಚೊಂಬು ಹಿಡಿದುಕೊಂಡೇ ನಿಂತುಬಿಡುತ್ತೇನೆ. ಅಂಥ ಸ್ನಾನ ಇನ್ನಿಲ್ಲ.

ಆದರೆ ಬರ್ನರ್‌ಗೆ ಅಷ್ಟು ಉದಾರವಾದ ಹೊಟ್ಟೆ ಇರಲಿಲ್ಲ. ಮರುದಿನ ಬೆಳಗಿನ ಚಳಿಗೆ ಪಾಮಾಯಿಲ್ ತುಪ್ಪದಂತೆ ಹೆಪ್ಪುಗಟ್ಟಿತು. ಬಿಸಿಲೇರಿ ಕರಗಿದ ಮೇಲೂ ನಾಝಲ್ಲಿನ ಸಣ್ಣ ತೂತಿನಿಂದ ಮಂಜಾಗಿ ಹೊರಡದೆ ತೊಟ್ಟಿಕ್ಕಿತು, ಕೆಮ್ಮಿತು, ಇಡೀ ಬೀದಿಗೆ ಬಿಳಿ ಹೊಗೆ ಹಬ್ಬಿಸಿ ಆರಿಹೋಯಿತು. ಹಿಂದಿನ ಮನೆಗಳವರ ಸಿಟ್ಟು ಇಮ್ಮಡಿಯಾಯಿತು.

ಅವಳು ಬಿಡಲಿಲ್ಲ. ಹೋಟೆಲುಗಳ ಕರಿದ ಎಣ್ಣೆಯನ್ನೇ ಶುದ್ಧ ಮಾಡಿ, ತೆಳ್ಳಗಾಗಿಸಿ, ಬಯೋಡೀಸೆಲ್ ಎಂದು ಮಾರುವವರನ್ನು ಹುಡುಕಿಕೊಂಡು ಹೋದಳು. ಅದನ್ನು ಹಾಕಿದಾಗ ಬರ್ನರ್ ಚೆನ್ನಾಗಿಯೇ ಉರಿದು, ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಫಿಲ್ಟರ್ ಬಿಚ್ಚಿದರೆ ಕಾಡಿಗೆಯಂಥ ಕೆಸರು. ಈ ಎಣ್ಣೆಯೂ ಕೆಟ್ಟದ್ದೇ ಇರಬೇಕು ಎಂದೆ. ಅಲ್ಲವಂತೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಡೀಸೆಲ್ ಕೊಳೆಯನ್ನೆಲ್ಲ ಬಯೋಡೀಸೆಲ್ ಎಬ್ಬಿಸಿಕೊಂಡು ಬಂದಿತ್ತು.

“ನೋಡಿ ಅತ್ತಿಗೆ, ಊರೋರ ಲಾರಿಯೆಲ್ಲಾ ತೊಳ್ದೆ. ಈ ನನ್ಮಗಂದು ಮಿಷನ್ ಹೊಟ್ಟೆ ಮಾತ್ರ ಯಾರೂ ತೊಳ್ದಿರ್ಲಿಲ್ಲ. ಎಣ್ಣೇನೇ ತೊಳೀತು!”

“ಲ್ಯಾಂಗ್ವೇಜ್, ಲ್ಯಾಂಗ್ವೇಜ್!” ಎಂದೆ.

“ಮಿಷನ್‌ಗೆ ಎಲ್ಲಾ ಲ್ಯಾಂಗ್ವೇಜೂ ಒಂದೇ ಬುಡಿ.”

ಟ್ಯಾಂಕ್ ತೊಳೆಸಿದಳು. ಫಿಲ್ಟರ್ ಬದಲಿಸಿದಳು. ಆ ಎಣ್ಣೆಗೆ ಉಬ್ಬಿ ಮೆತ್ತಗಾಗಿದ್ದ ರಬ್ಬರ್ ಪೈಪು ಕೀಳಿಸಿ ಬೇರೆ ಜಾತಿಯದು ಹಾಕಿಸಿದಳು. ಬರೀ ಬಯೋಡೀಸೆಲ್ ಮಿಷನ್ನಿಗೆ ಒಗ್ಗದಿದ್ದಾಗ ಅರ್ಧಕ್ಕರ್ಧ ಡೀಸೆಲ್ ಬೆರೆಸಿದಳು. ಗಾಳಿಯ ಕಿಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿಸಿ ನೋಡಿದಳು. ಬೇಸಿಗೆಯ ಕೊನೆಗೆ ಒಂದು ದಿನ ಚಿಮಣಿಯಲ್ಲಿ ಕಣ್ಣಿಗೆ ಕಾಣುವ ಹೊಗೆಯೇ ಇರಲಿಲ್ಲ. ಇದ್ದದ್ದು ಬೋಂಡಾ ಕರಿಯುವ ವಾಸನೆ. ಊಟದ ಹೊತ್ತಿಗೆ ಮೊದಲೇ ಕೆಲಸದವರೆಲ್ಲ ಹಸಿವು, ಹಸಿವು ಅನ್ನತೊಡಗಿದರು.

ಹಿಂದಿನ ಮನೆಗಳವರನ್ನು ಅವಳೇ ಕರೆದಳು. ಬಂದವರು ಇಬ್ಬರು. ಒಬ್ಬರು ಅವರ ಸಂಘದ ಅಧ್ಯಕ್ಷರು, ರಿಟೈರಾದವರು. ಇನ್ನೊಬ್ಬಳು ಎಳೆಮಗುವಿನ ತಾಯಿ. ಬಟ್ಟೆಯ ದೂರು ಹೆಚ್ಚಾಗಿ ಅವಳದೇ. ಮಾತಾಡಲು ನಾದಿನಿ ನನ್ನನ್ನು ಕರೆಸಿದ್ದಳು. “ನೀವು ನಾಲ್ಕು ಇಂಗ್ಲಿಷ್ ಬುಡಿ ಅತ್ತಿಗೆ, ತಣ್ಣಗಾಗ್ಬುಡ್ತಾರೆ.”

ಮಗುವಿನ ಒಂದು ಬಟ್ಟೆಯನ್ನು ಒಗೆದು ಹಸಿಯಾಗಿಯೇ ತರಲು ಆ ತಾಯಿಗೆ ಹೇಳಿ ಕಳಿಸಿದ್ದಳು. ಅದನ್ನು ಚಿಮಣಿಯ ಪಕ್ಕದಲ್ಲೇ ಹಗ್ಗಕ್ಕೆ ಹಾಕಿ, ಮಿಷನ್ ಹಚ್ಚಿ, ಒಂದು ಕೊಪ್ಪರಿಗೆ ಪೂರ್ತಿ ತೊಳೆಸಿದಳು. ಆಮೇಲೆ ಬಟ್ಟೆ ತೆಗೆದು ತಾಯಿಯ ಕೈಗೆ ಕೊಟ್ಟಳು.

“ಡೀಸೆಲ್ ವಾಸ್ನೆ ಇಲ್ಲ ಆಂಟಿ,” ಎಂದು ಆ ಹುಡುಗಿ ಮತ್ತೊಮ್ಮೆ ಮೂಸಿದಳು. “ಇದು... ಬೋಂಡಾನಾ?”

“ಬೋಂಡಾ ವಾಸ್ನೆಗೆ ಯಾವ ಮಗು ಅಳ್ತದೆ ಬುಡಮ್ಮ!”

ಅಧ್ಯಕ್ಷರೂ ನಕ್ಕರು. “ನಂಗೆ ಡಾಕ್ಟ್ರು ಕರಿದಿದ್ದು ತಿನ್ಬೇಡಿ ಅಂದಿದ್ದಾರೆ ಕಣಮ್ಮ. ಮೂಸ್ಬೇಡಿ ಅಂದಿಲ್ಲ.”

ಇದೇ ಸಮಯವೆಂದು ನಾನು ಎದ್ದು ನಿಂತೆ. ಎಲೋಕ್ಯೂಷನ್‌ನಲ್ಲಿ ಪ್ರೈಜ಼್ ತೆಗೆದುಕೊಂಡ ಕಾಲದ ದನಿ ತೆಗೆದು, “ಸರ್, ದಿಸ್ ಈಸ್ ಎ ಹಂಡ್ರೆಡ್ ಪರ್ಸೆಂಟ್ ಗ್ರೀನ್...” ಎನ್ನುವಷ್ಟರಲ್ಲಿ,

“ಹಂಡ್ರೆಡ್ ಅಲ್ಲ ಸಾರ್,” ಅಂದಳು ನಾದಿನಿ. “ಅರ್ಧ. ಇನ್ನರ್ಧ ಡೀಸೆಲ್ಲೇ. ಚಳಿಗಾಲದಲ್ಲಿ ಬೆಳಿಗ್ಗೆ ಈ ಎಣ್ಣೆ ಮಂದ ಆಗ್ತದೆ, ಆವಾಗ ಡೀಸೆಲ್ ಇನ್ನೂ ಜಾಸ್ತಿ ಬೇಕು. ಅದನ್ನ ಹಚ್ಚಿದ್ರೆ ನಿಮ್ಗೆ ವಾಸ್ನೆ ಬಂದೇ ಬರ್ತದೆ.”

ನಾನು ತೆರೆದ ಬಾಯಿ ಹಾಗೇ ಇಟ್ಟುಕೊಂಡು ಕೂತೆ. ಹಲಸಿನಹಣ್ಣನ್ನು ಆಟೋ ಮಾಡುವವಳು ನನ್ನ ನೂರನ್ನು ಐವತ್ತಕ್ಕೆ ಇಳಿಸಿದ್ದಳು.

ಅಧ್ಯಕ್ಷರ ನಗು ಮಾಯವಾಯಿತು. “ಹಾಗಾದ್ರೆ ಚಳಿಗಾಲದಲ್ಲಿ ಏನ್ಮಾಡ್ತೀರಿ?”

“ಬಿಸಿಲು ಬಂದು ಟ್ಯಾಂಕ್ ಬೆಚ್ಚಗಾಗೋವರ್ಗೂ ಹಚ್ಚಲ್ಲ.”

“ಅಡುಗೆಯವ್ರು ಬೆಳಿಗ್ಗೆನೇ ಬಂದ್ರೆ?”

“ಕಾಯ್ತಾರೆ. ಇಲ್ಲಾಂದ್ರೆ ಬೇರೆ ಕಡೆ ಹೋಗ್ತಾರೆ.”

ಚಳಿಗಾಲ ಕಳೆಯುವವರೆಗೂ ನೋಡೋಣ, ಮಾತು ತಪ್ಪಿದರೆ ಮತ್ತೆ ಮಾಲೀಕರ ಹತ್ತಿರ ಹೋಗುತ್ತೇವೆ ಎಂದು ಹೇಳಿ ಅವರು ಎದ್ದರು.

“ಯಾಕೇ ಹಾಗಂದೆ? ಒಪ್ಪೇಬಿಟ್ಟಿದ್ರಲ್ಲ!” ಎಂದೆ, ಅವರು ಗೇಟು ದಾಟಿದ ಮೇಲೆ.

“ಇವತ್ತು ಒಪ್ಪಿ ಡಿಸೆಂಬರ್‌ನಲ್ಲಿ ಮೂಸಿದ್ರೆ? ಮಿಕ್ಕಿದ್ದೆಲ್ಲಾ ಎಷ್ಟ್ ಬೇಕಾದ್ರೂ ಉಬ್ಬಿಸ್ತೀನಿ ಕಣತ್ತಿಗೆ. ಇದು ಮೂಗಿಗೆ ಗೊತ್ತಾಗ್ಬುಡ್ತದೆ.”

ಡಿಸೆಂಬರ್ ಬಂತು. ಕಾಯಲೊಲ್ಲದೆ ಅಡುಗೆಯವರೊಬ್ಬರು ಬೇರೆ ಕಡೆ ಹೋದರು. ಅವಳು ಹಚ್ಚಲಿಲ್ಲ. ಒಂದು ಬೆಳಿಗ್ಗೆ ನಾನು ಹೋದಾಗ ಮೋಡ ಮುಸುಕಿತ್ತು, ಬಿಸಿಲಿನ ಸುಳಿವೇ ಇಲ್ಲ. ಕೊಪ್ಪರಿಗೆ ತುಂಬಿದ ಟೆಂಪೋ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಇವಳು ಟ್ಯಾಂಕಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವಳ ಹಾಗೆ.

“ಹಚ್ಚಕ್ಕೋ! ಮದ್ವೆ ಮನೇವ್ರು ನನ್ ಪ್ರಾಣ ತೆಗೀತಾರೆ,” ಎಂದು ಟೆಂಪೋದವನು ಕೂಗಿದ.

“ಸೂರ್ಯಂಗೆ ಫೋನ್ ಮಾಡ್ಕೋ ಹೋಗಪ್ಪ, ನಂಗಲ್ಲ.”

ಅಷ್ಟರಲ್ಲಿ ಹಿಂದಿನ ಬಾಲ್ಕನಿಯಿಂದ ಆ ತಾಯಿ ಬಗ್ಗಿ ನೋಡಿದಳು. ಸೊಂಟದಲ್ಲಿ ಮಗು.

“ಆಂಟೀ, ಇವತ್ತು ಬಟ್ಟೆ ಒಳಗೇ ಹಾಕಿದೀನಿ. ಹಚ್ಕೊಳ್ಳಿ!”

“ನಿಮ್ ಅಧ್ಯಕ್ಷರು ಏನಂತಾರೋ?”

“ಅವ್ರೇ ಹೇಳ್ ಕಳ್ಸಿದ್ದು. ಓನರ್‌ಗೂ ಫೋನ್ ಮಾಡಿದ್ರಂತೆ, ನಮ್ದೇನೂ ಕಂಪ್ಲೇಂಟ್ ಇಲ್ಲ ಅಂತ.”

ನಾದಿನಿ ಎದ್ದಳು. ಟ್ಯಾಂಕಿಗೆ ಇನ್ನಷ್ಟು ಡೀಸೆಲ್ ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡು ಸ್ವಿಚ್ ಒತ್ತಿದಳು. ಬರ್ನರ್ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಬಾಲ್ಕನಿಯ ಬಾಗಿಲು, ಕಿಟಕಿ ಒಂದೊಂದಾಗಿ ಮುಚ್ಚಿಕೊಂಡವು. ಟೆಂಪೋದವನು ಮೊದಲ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಒಳಗೆ ಬಂದ.