ನನಗೆ ಇಂಟರ್ವಲ್ ಬೇಡ

ಜೆ.ಪಿ. ನಗರದ ಮಾಲ್‌ನಲ್ಲಿ ಬೆಳಗಿನ ಶೋ. ಇಡೀ ಹಾಲ್‌ಗೆ ನಾನೊಬ್ಬಳೇ. ಯಾವುದೋ ಚಳಿ ದೇಶದ ಸಿನಿಮಾ. ಹಾಡಿಲ್ಲ, ಫೈಟಿಲ್ಲ, ಮಾತೂ ಕಮ್ಮಿ. ನನಗೆ ಅಂಥವೇ ಇಷ್ಟ. ಯಾಕೆ ಅಂತ ಮನೆಯಲ್ಲೂ ವಿವರಿಸಿಲ್ಲ, ಇಲ್ಲೂ ವಿವರಿಸಲ್ಲ.

ಶುರುವಾಗುವ ಮುಂಚೆ ಮ್ಯಾನೇಜರ್ ಬಂದರು. “ಮೇಡಂ, ಪಕ್ಕದ ಸ್ಕ್ರೀನಲ್ಲಿ ಸಖತ್ ಪಿಕ್ಚರ್ ಇದೆ. ಅಲ್ಲೇ ಕೂತ್ಕೊಳ್ಳಿ, ಪಾಪ್‌ಕಾರ್ನ್ ನಮ್ ಕಡೆಯಿಂದ. ಇದ್ರಲ್ಲಿ ಅಜ್ಜಿ ಕಿಟಕಿ ಒರೆಸ್ತಾಳೆ, ಅಷ್ಟೇ.”

“ಒರೆಸ್ಲಿ. ಅದನ್ನ ನೋಡಕ್ಕೇ ಬಂದಿರೋದು.”

ಅಜ್ಜಿ ಒರೆಸಿದಳು. ನಿಧಾನವಾಗಿ, ಒಂದು ಮೂಲೆಯನ್ನೂ ಬಿಡದೆ. ಹೊರಗಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಅವಳ ಕೈ ಕಿಟಕಿಯ ಚಿಲಕಕ್ಕೆ ಹೋಯಿತು. ಅಷ್ಟರಲ್ಲಿ ಸಿನಿಮಾ ನಿಂತು, ಲೈಟ್ ಹತ್ತಿ, ಸೀರೆ ಅಂಗಡಿಯ ಜಾಹೀರಾತು ಶುರುವಾಯಿತು.

“ಇಂಟರ್ವಲ್ ಮೇಡಂ,” ಎಂದರು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್.

“ಯಾರಿಗೆ? ಇರೋಳು ನಾನೊಬ್ಳು. ನನಗೆ ಬೇಡ.”

“ಇಂಟರ್ವಲ್ ಇಲ್ದೆ ಪಿಕ್ಚರ್ ಹೇಗೆ ಮೇಡಂ? ಆ ದೇಶದೋರು ಇಟ್ಟೇ ಇರ್ಲಿಲ್ಲ, ನಾವೇ ಜಾಗ ನೋಡಿ ಇಟ್ಟಿದ್ದೀವಿ!”

ನಾನು ಕೈಕಟ್ಟಿ ಕೂತೆ, ಏಳಲಿಲ್ಲ. ಅವರೂ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಅವರೇ ಮೆಲ್ಲಗೆ ಕೇಳಿದರು: “ಕಿಟಕಿ ತೆಗೀತಾಳಾ?”

“ಲೈಟ್ ಆರ್ಸಿದ್ರೆ ತಾನೇ ಗೊತ್ತಾಗೋದು?”

ಲೈಟ್ ಆರಿತು. ಅವರು ನನ್ನ ಹಿಂದಿನ ಸಾಲಲ್ಲೇ ಕೂತರು.

ಅಜ್ಜಿ ಕೊನೆಯವರೆಗೂ ಕಿಟಕಿ ತೆಗೆಯಲಿಲ್ಲ. ಆ ಸಿನಿಮಾ ಮಾಡಿದವಳು ನಾನೇ ಅನ್ನೋ ಹಾಗೆ ಅವರು ನನ್ನ ಮೇಲೆ ರೇಗಿದರು. “ಅದೇ ಸಾರ್ ಅದರ ಮಜಾ,” ಎಂದು ಗತ್ತಿನಿಂದ ಹೇಳಿ ಹೊರಗೆ ಬಂದೆ.

ನಿಜ ಹೇಳಬೇಕೆಂದರೆ ನನಗೂ ಅಜ್ಜಿಯ ಮೇಲೆ ಕೆಟ್ಟ ಕೋಪ ಬಂದಿತ್ತು. ಆದರೆ ಬಿಟ್ಟಿ ಪಾಪ್‌ಕಾರ್ನ್ ಬೇಡ ಅಂದವಳು ಅದನ್ನು ಅವರ ಮುಂದೆ ಒಪ್ಪಿಕೊಳ್ತೀನಾ?