ಅಕ್ಕೋರು ಮತ್ತು ಚೀನಾದ ಕುರ್ಚಿಗಳು

ಮೊನ್ನೆ ಪಕ್ಕದ ಮನೆಯವರು ಗ್ಯಾರೇಜಿನಲ್ಲಿ ಹಳೆಯ ಟೇಬಲ್ಲಿಗೆ ವಾರ್ನಿಷ್ ಬಳಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಕ್ಕೋರು ನೆನಪಾದರು…

ಧಾರವಾಡದ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ. ಅಲ್ಲಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದವರು ಈ ಪರದೇಶಕ್ಕೆ ಬಂದ ಮೇಲೆ ನಾರ್ತ್ ಯಾರ್ಕಿನ ಕುರ್ಚಿ ಫ್ಯಾಕ್ಟರಿಯೊಂದರಲ್ಲಿ ನನ್ನ ಪಕ್ಕ ನಿಂತು ವಾರ್ನಿಷ್ ಹಚ್ಚುತ್ತಿದ್ದರು. ನಾನು ಮೈಸೂರಿನವಳು, ಮಾತು ಮೆಲ್ಲಗೆ. ಅವರದ್ದು ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುವ ಗಂಟಲು. ಊಟದ ಬಿಡುವಿನಲ್ಲಿ ರೊಟ್ಟಿ ಮುರಿಯುತ್ತಾ ಬೇಡಿಕೆ, ಪೂರೈಕೆ ಎಂದು ಶುರುಮಾಡಿದರೆ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚೀನಾದ ಕುರ್ಚಿಗಳು ಬಂದವು. ನಮ್ಮದರ ಅರ್ಧ ಬೆಲೆ. ಶಿಫ್ಟುಗಳು ಕಡಿಮೆಯಾದವು, ಎಲ್ಲರ ಎದೆಯಲ್ಲೂ ಅವಲಕ್ಕಿ ಕುಟ್ಟತೊಡಗಿತು. ಆ ಕುರ್ಚಿಗಳ ಮೇಲೆ ಹೆಚ್ಚಿನ ತೆರಿಗೆ ಹಾಕಬೇಕೋ ಬೇಡವೋ ಎಂದು ಸರ್ಕಾರ ಒಂದು ವಿಚಾರಣೆ ಇಟ್ಟಿತು. ಕೆಲಸಗಾರರ ಪರವಾಗಿ ಮಾತಾಡಲು ಅಕ್ಕೋರನ್ನೇ ಆರಿಸಿದೆವು. ಓದಿದವರು, ದನಿಯೂ ಇದೆ, ಇನ್ನೇನು ಬೇಕು!

ಅವರು ಚೆನ್ನಾಗಿಯೇ ಶುರುಮಾಡಿದರು. ಫ್ಯಾಕ್ಟರಿ ಮುಚ್ಚಿದರೆ ಎಷ್ಟು ಮನೆಗಳ ಒಲೆ ಆರುತ್ತದೆ ಎಂದು ಹೇಳುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಅಷ್ಟರಲ್ಲಿ ಅಧಿಕಾರಿಯೊಬ್ಬರು, ಈ ತೆರಿಗೆಯನ್ನು ಕಡೆಗೆ ಕೊಡುವವರು ಯಾರು ಎಂದು ಕೇಳಿದರು. ಚೀನಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪ್ರಶ್ನೆ ಕೇಳಿದ್ದೇ ಸಾಕಾಯಿತು ನೋಡಿ, ಪಾಠವೇ ಶುರುವಾಯಿತು. ಕೊಡುವವರು ಕುರ್ಚಿ ಕೊಳ್ಳುವವರು, ನಮ್ಮಂಥವರೇ. ಅಗ್ಗದ ಕುರ್ಚಿಯಿಂದ ಊರಿಗೆಲ್ಲ ಚೂರುಚೂರು ಲಾಭ, ಪೂರ್ತಿ ನಷ್ಟ ಮಾತ್ರ ನಮ್ಮ ಕೆಲವರಿಗೆ. ಆದ್ದರಿಂದ ತೆರಿಗೆ ಬೇಡ, ಕೆಲಸ ಕಳೆದುಕೊಳ್ಳುವವರಿಗೆ ಹೊಸ ಕಸುಬು ಕಲಿಸಿ ಎಂದುಬಿಟ್ಟರು.

ಹೊರಗೆ ಬಂದಾಗ ನಮ್ಮ ಗುಜರಾತಿ ಫೋರ್‌ಮನ್, "ದೀದಿ, ಯೇ ಕ್ಯಾ ಕಿಯಾ?" ಎಂದು ಅತ್ತೇಬಿಟ್ಟ.

ಬಸ್ಸಿನಲ್ಲಿ ಅಕ್ಕೋರ ಪಕ್ಕ ಕೂತವಳು ನಾನೊಬ್ಬಳೇ. "ಅಷ್ಟು ವರ್ಷ ಕ್ಲಾಸಿನ್ಯಾಗ ಹೇಳಿದ್ದನ್ನ ಇವತ್ತ ಹೊಟ್ಟಿಪಾಡಿಗಂತ ಸುಳ್ಳು ಅನ್ನಲೇನವ್ವಾ? ನಂದೂ ಕೆಲಸ ಹೋಗ್ತೈತಿ" ಎಂದವರು ಕಿಟಕಿಯ ಕಡೆ ತಿರುಗಿಕೊಂಡರು…

ತೆರಿಗೆ ಬರಲಿಲ್ಲ. ಫ್ಯಾಕ್ಟರಿ ಮುಚ್ಚಿತು. ಕಸುಬು ಕಲಿಸುವ ಕೋರ್ಸು ಮಾತ್ರ ಬಂತು, ಅದೂ ಕೆಲವೇ ಸೀಟು. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಕಲಿತೆ, ಇಂದಿಗೂ ಅದೇ ನನ್ನ ಅನ್ನ. ಅಕ್ಕೋರು ಅರ್ಜಿಯನ್ನೇ ಹಾಕಲಿಲ್ಲ. "ನನ್ನ ವಯಸ್ಸಿನಾಕಿ ಮ್ಯಾಲೆ ಇನ್ವೆಸ್ಟ್ ಮಾಡಿದ್ರ ಸರ್ಕಾರಕ್ಕ ಏನು ವಾಪಸ್ ಬರ್ತೈತಿ? ನೀ ಸಣ್ಣಾಕಿ, ನೀ ಕಲಿ" ಎಂದರು. ಎರಿನ್ ಮಿಲ್ಸ್ ಬಡಾವಣೆಯ ಒಂದು ಅಂಗಡಿಯಲ್ಲಿ, ಮೊಣಕಾಲು ಸೋಲುವ ತನಕ ದಿನವಿಡೀ ನಿಂತು, ಅದೇ ಚೀನಾದ ಕುರ್ಚಿಗಳನ್ನು ಮಾರಿದರು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಫ್ಯಾಕ್ಟರಿಯವರು ಯಾರೂ ಬರಲಿಲ್ಲ. ಅವರದ್ದೂ ತಪ್ಪಲ್ಲ, ಪಾಪ, ಬಹಳ ಕಷ್ಟಪಟ್ಟರು. ನನಗೂ ಅಕ್ಕೋರ ಮೇಲೆ ಸಿಟ್ಟಿದೆ, ಆದರೆ ಬೇರೆ ಕಾರಣಕ್ಕೆ. ಒಂದು ಸಲ, ಒಂದೇ ಸಲ, ನಿಮ್ಮ ಅರ್ಥಶಾಸ್ತ್ರವನ್ನು ಬದಿಗಿಟ್ಟು ಆ ಕೋರ್ಸಿನ ಒಂದು ಸೀಟನ್ನು ನಿಮಗೇ ಅಂತ ಕೇಳಬಾರದಿತ್ತೇ ಅಕ್ಕೋರೆ…