ಕಡೆಯ ಹಾಡಿಗೆ ಮೊದಲು

ನಾನು ಒಂದು ಆಲ್ಬಮ್ಮಿನ ಭಕ್ತೆ. ಮದುವೆಯಾಗಿ ಬೈಂದೂರಿಗೆ ಬರುವುದಕ್ಕೆ ಮೊದಲಿನಿಂದ ಕೇಳುತ್ತಿದ್ದೇನೆ, ಈಗ ತಲೆ ನರೆತಿದೆ. ಆದರೆ ಅದನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಸಲಕ್ಕೆ, ನಡುವೆ ಯಾರೂ ಬಾಯಿ ಹಾಕದೆ, ಒಮ್ಮೆಯೂ ಕೇಳಿದ್ದಿಲ್ಲ. ನಂಬದಿದ್ದರೆ ಬಿಡಿ. ಹೆದ್ದಾರಿ ಬದಿಯ ಹೋಟೆಲಿನ ಗಲ್ಲಾದಲ್ಲಿ ಒಂದು ವಾರ ಕೂತು ನೋಡಿ, ಆಮೇಲೆ ಮಾತಾಡುವ.

ನಮ್ಮಲ್ಲಿ ಗಲ್ಲಾ ಖಾಲಿ ಬಿಡುವ ಕ್ರಮ ಇಲ್ಲ. ಮಾವನ ಕಾಲದಿಂದ ಬಂದ ಮಾತು ಅದು. ಅಲ್ಲಿ ಮನೆಯವರೇ ಕೂರಬೇಕು, ಹೊರಗಿನವರು ಎಷ್ಟೇ ನಂಬಿಗಸ್ತರಾಗಲಿ, ಬೇಡ. ನನ್ನ ಗಂಡ ಅಡುಗೆಮನೆಯ ಮನುಷ್ಯ, ಅವರ ಕೈ ಸಾಂಬಾರಿಗೇ ಗಿರಾಕಿ ಬರುವುದು. ಹಾಗಾಗಿ ಬೆಳಿಗ್ಗೆ ಬನ್ಸ್ ಎಣ್ಣೆಗೆ ಬೀಳುವ ಹೊತ್ತಿಗೆ ಕೂತರೆ ರಾತ್ರಿ ಶಟರ್ ಎಳೆಯುವವರೆಗೆ ನಾನೇ. ಮೂತ್ರಕ್ಕೆ ಏಳಬೇಕಾದರೂ ಗಂಡನನ್ನು ಕರೆಯಬೇಕು. ಅವರು ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಾರೆ, ಕಣ್ಣು ಮಾತ್ರ ಒಲೆಯ ಮೇಲೆ. ನೆಂಟರು ಬಂದರೆ ಗಲ್ಲಾದಲ್ಲೇ ಮಾತಾಡಿಸಿ ಹೋಗುತ್ತಾರೆ. ಮಗಳ ನಿಶ್ಚಯದ ದಿನ ಕೂಡ ನಾನು ಮಧ್ಯಾಹ್ನದ ಊಟದ ಗಿರಾಕಿ ಮುಗಿಸಿಯೇ ಸೀರೆ ಉಟ್ಟದ್ದು.

ಆಲ್ಬಮ್ಮಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಫೋನಿನಲ್ಲಿ ಹುಡುಕಿ ನನಗೇ ಪಾಠ ಮಾಡಲು ಬರುತ್ತೀರಿ, ಅಂಥವರು ಇಬ್ಬರು ಈಗಾಗಲೇ ಇದ್ದಾರೆ. ಅಮೆರಿಕದ ಕಪ್ಪು ಜನರ ಫಂಕ್ ಸಂಗೀತ ಅದು. ಫಂಕ್ ಅಂದರೆ ಕುಣಿಯುವ ಸಂಗೀತ. ಬೇಸ್ ಗಿಟಾರು ಮುಂದೆ ನಡೆಯುತ್ತದೆ, ಬಾಕಿಯವರು ಅದರ ಹಿಂದೆ ಬರುತ್ತಾರೆ. ಆದರೆ ಈ ಆಲ್ಬಮ್ಮಿನಲ್ಲಿ ಕುಣಿಯಲು ಎದ್ದವರು ಎದ್ದಲ್ಲೇ ನಿಂತುಬಿಟ್ಟಿದ್ದಾರೆ. ಹಾಡುವವನ ಸ್ವರ ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಒಂದು ಕಡೆ ಆಕಳಿಸುತ್ತಾನೆ. ಮತ್ತೊಂದು ಕಡೆ ಹಾಡಬೇಕಾದ ಸಾಲನ್ನು ಬಿಟ್ಟು ಸುಮ್ಮನಾಗುತ್ತಾನೆ, ಬೇಸ್ ಒಂದೇ ನಡೆಯುತ್ತಾ ಇರುತ್ತದೆ. ಮುಂಬೈಯಲ್ಲಿ ಅಪ್ಪನ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಗೋವಾದ ಒಬ್ಬರು ಬಾಡಿಗೆಗಿದ್ದರು, ದೊಡ್ಡ ಹೋಟೆಲುಗಳಲ್ಲಿ ಗಿಟಾರು ಬಾರಿಸುತ್ತಿದ್ದವರು. ಊರಿಗೆ ಹೊರಟಾಗ ಕ್ಯಾಸೆಟ್ಟು ನನಗೆ ಕೊಟ್ಟು ಹೋದರು. ನಾನು ಆಗ ಅಪ್ಪನ ಗಲ್ಲಾದಲ್ಲಿ ಕೂರುತ್ತಿದ್ದೆ. ಒಂದು ಗಲ್ಲಾದಿಂದ ಎಬ್ಬಿಸಿ ಇನ್ನೊಂದು ಗಲ್ಲಾದಲ್ಲಿ ಕೂರಿಸಿದ್ದಕ್ಕೆ ನಮ್ಮವರು ಮದುವೆ ಎಂದು ಹೆಸರಿಟ್ಟರು.

ಈಗ ಅದು ಫೋನಿನಲ್ಲಿದೆ. ಮೇಜಿನ ಕೆಳಗೆ ಸಣ್ಣಗೆ ಹಾಕಿಕೊಂಡು ಕೇಳುತ್ತೇನೆ. ಹಾಡು ಸುರುವಾಗುವುದಕ್ಕೂ ಒಬ್ಬ ಬಂದು ಚಿಲ್ಲರೆ ಇದೆಯಾ ಎನ್ನುವುದಕ್ಕೂ ಏನೋ ಸಂಬಂಧ ಇರಬೇಕು. ಕೊಲ್ಲೂರಿಗೆ ಹೋಗುವವರು ದಾರಿ ಕೇಳುತ್ತಾರೆ, ಮಕ್ಕಳಿಗೆ ಚಾಕಲೇಟು ಬೇಕು, ಪೇಮೆಂಟು ಹೋಯಿತೋ ಇಲ್ಲವೋ ಅಂತ ಫೋನನ್ನು ಮುಖಕ್ಕೇ ಹಿಡಿಯುತ್ತಾರೆ. ಪ್ರತಿ ಹಾಡಿನ ಒಂದೊಂದು ತುಂಡು ನನಗೆ ಗೊತ್ತು, ಇಡೀ ಹಾಡು ಒಂದೂ ಗೊತ್ತಿಲ್ಲ. ರಾತ್ರಿ ಮನೆಯಲ್ಲಿ ಕೇಳಬಹುದಲ್ಲ ಅನ್ನಬೇಡಿ, ರಾತ್ರಿ ತಲೆದಿಂಬು ಸಿಕ್ಕಿದರೆ ಸಾಕಾಗಿರುತ್ತದೆ. ಗಂಡ ತಮಾಷೆ ಮಾಡುತ್ತಾರೆ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ. ಹಾಡಿದ್ದೇ ಹಾಡಲಿ ಮಾರಾಯರೆ, ಪೂರ್ತಿ ಹಾಡಲು ಬಿಟ್ಟರಲ್ಲವೇ!

ಒಂದು ದಿನ ಕುಂದಾಪುರದ ಒಬ್ಬರು ಚಾ ಕುಡಿದು ದುಡ್ಡು ಕೊಡಲು ಬಂದವರು ನಿಂತೇ ಬಿಟ್ಟರು. ಬ್ಯಾಂಕಿನಿಂದ ನಿವೃತ್ತಿಯಾದವರು. ಮೇಜಿನ ಕೆಳಗೆ ಕಿವಿ ಬಗ್ಗಿಸಿ, ಆಲ್ಬಮ್ಮಿನ ಹೆಸರು ಹೇಳಿ, ಇದು ಅದೇ ಅಲ್ದಾ ಎಂದು ಕೇಳಿದರು. ಅವರ ಕಣ್ಣಿನಲ್ಲಿ ನೀರಿತ್ತು, ನನ್ನ ಕಣ್ಣಿನಲ್ಲೂ ಬಂತು. ಇಷ್ಟು ವರ್ಷದಲ್ಲಿ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದೇ ಇಲ್ಲ. ಅವರಿಗೆ ಒಬ್ಬ ಸ್ನೇಹಿತರಿದ್ದರು. ಬ್ರಹ್ಮಾವರದಲ್ಲಿ ಹಲ್ಲಿನ ಡಾಕ್ಟ್ರು, ಮನೆ ಬಾರ್ಕೂರಿನಲ್ಲಿ. ಆ ಡಾಕ್ಟ್ರ ಹತ್ತಿರ ಆಲ್ಬಮ್ಮಿನ ಹಳೇ ಪ್ಲೇಟು, ಅದನ್ನು ತಿರುಗಿಸುವ ಯಂತ್ರ, ಆಳೆತ್ತರದ ಸ್ಪೀಕರು ಎಲ್ಲ ಇತ್ತು. ಅವತ್ತೇ ನಮ್ಮ ಮೂವರ ವಾಟ್ಸಾಪ್ ಗುಂಪು ಹುಟ್ಟಿತು.

ಸುರುವಿಗೆ ಸ್ವರ್ಗ. ಆಮೇಲೆ ನನಗೆ ಸಿಟ್ಟು ಬರಲು ಹಿಡಿಯಿತು. ಇಬ್ಬರೂ ಬರೆಯುತ್ತಿದ್ದದ್ದು ಒಂದೇ. ಎಂಥ ಕತ್ತಲೆ, ಎಂಥ ಉಸಿರು ಕಟ್ಟುವ ಅನುಭವ, ಕಿಟಕಿಯೇ ಇಲ್ಲದ ಕೋಣೆ, ಬೀಗ ಹಾಕಿದ ಆತ್ಮ. ಓದಿ ಓದಿ ಸಾಕಾಗಿ, ಉಸಿರು ಕಟ್ಟಬೇಕಾದರೆ ನಮ್ಮ ಅಡುಗೆಮನೆಗೆ ಬನ್ನಿ, ಹಬೆ ಪುಕ್ಕಟೆ ಎಂದು ಬರೆದೆ. ಇಬ್ಬರೂ ನಗುವ ಮುಖ ಹಾಕಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೋಣೆಯಿಂದ ಬೇಕಾದಾಗ ಎದ್ದು ಬರಬಹುದಾದವರಿಗೆ ಕಿಟಕಿ ಇಲ್ಲದ ಕೋಣೆ ಚಂದವೇ. ನನಗೆ ಕೇಳುವುದು ಬೇರೆ. ಆ ಮನುಷ್ಯ ಒಳಗೊಳಗೇ ನಗುತ್ತಿದ್ದಾನೆ. ಸಿಕ್ಕಿಹಾಕಿಕೊಂಡವನು ಯಾರಿಗೂ ಕಾಣದ ಹಾಗೆ ನಗುತ್ತಾನಲ್ಲ, ಆ ನಗು. ಹಾಗಂತ ಬರೆದರೆ ಡಾಕ್ಟ್ರು ಬಹಳ ಮರ್ಯಾದೆಯಿಂದ ಉತ್ತರಿಸಿದರು. ಅದು ನಗು ಅಲ್ಲ ಅಕ್ಕ, ನೋವು, ದೊಡ್ಡ ಸ್ಪೀಕರಿನಲ್ಲಿ ಪೂರ್ತಿ ಕೇಳಿದರೆ ತಿಳಿಯುತ್ತದೆ, ಒಂದು ಆದಿತ್ಯವಾರ ಬನ್ನಿ ಎಂದರು.

ಪೂರ್ತಿ. ಆ ಒಂದು ಶಬ್ದ ನನ್ನ ನಿದ್ದೆ ಕೆಡಿಸಿತು. ನಗುವೋ ನೋವೋ ಆಮೇಲಿನ ಮಾತು, ಒಮ್ಮೆ ಪೂರ್ತಿ ಕೇಳಬೇಕು. ಸಾಯುವುದರೊಳಗೆ ಕಾಶಿಗೆ ಹೋಗಬೇಕು ಅಂತ ನನ್ನ ಅತ್ತೆಗೆ ಇತ್ತು, ನನಗೆ ಬಾರ್ಕೂರು.

ಹೋಗಲು ಆಗಬೇಕಲ್ಲ. ಒಂದು ಆದಿತ್ಯವಾರ ಕೊಲ್ಲೂರಿನಿಂದ ಬಂದ ಬಸ್ಸಿನ ಜನವೆಲ್ಲ ಒಟ್ಟಿಗೇ ಒಳಗೆ ನುಗ್ಗಿತು. ಮತ್ತೊಂದು ಆದಿತ್ಯವಾರ ಸೀರೆ ಉಟ್ಟು ನಿಂತದ್ದೇ ನಿಂತದ್ದು, ಹಾಲಾಡಿಯಲ್ಲಿ ಯಾರೋ ನೆಂಟರು ತೀರಿಕೊಂಡರು ಅಂತ ಗಂಡ ಹೊರಟುಹೋದರು. ಅದೇ ಸೀರೆಯಲ್ಲಿ ಗಲ್ಲಾದಲ್ಲಿ ಕೂತೆ. ಎಲ್ಲರೂ ಇವತ್ತು ವಿಶೇಷ ಎಂತ ಎಂದು ಕೇಳಿದರು. ವಿಶೇಷ ನನ್ನ ತಲೆ ಎಂದೆ. ಅವತ್ತು ರಾತ್ರಿ ನಾನು ಊಟ ಮಾಡದೆ ಮಲಗಿದ್ದನ್ನು ಗಂಡ ನೋಡಿರಬೇಕು. ಮಾತು ಕಮ್ಮಿ ಅವರದ್ದು. ಮುಂದಿನ ಆದಿತ್ಯವಾರ ಮಧ್ಯಾಹ್ನದ ಊಟ ಮುಗಿಯುತ್ತಲೇ ಸೌಟು ಒಳಗಿಟ್ಟು, ಕೈ ತೊಳೆದು ಬಂದು, ನನ್ನ ಕುರ್ಚಿಯ ಪಕ್ಕ ನಿಂತರು. "ಹೋಯ್ ಬಾ. ನಾನ್ ಕೂಕಂತೆ" ಎಂದರು. ನಾನು ಎದ್ದ ಕೂಡಲೇ ಕೂತೂ ಬಿಟ್ಟರು.

ಬೈಂದೂರಿನಿಂದ ಕುಂದಾಪುರ, ಅಲ್ಲಿಂದ ಬ್ರಹ್ಮಾವರ, ಬ್ರಹ್ಮಾವರದಲ್ಲಿ ಇಳಿದು ಬಾರ್ಕೂರಿನ ಬಸ್ಸು. ಬಸ್ಸಿನಲ್ಲಿ ಯಾರಾದರೂ ಕಂಡಕ್ಟರಿಗೆ ದುಡ್ಡು ಚಾಚಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು.

ಡಾಕ್ಟ್ರ ಮನೆಯ ಹಾಡಿನ ಕೋಣೆಗೆ ಕಪ್ಪು ಪರದೆ, ದಪ್ಪ ಬಾಗಿಲು. ನಿಯಮಗಳು ಬೇರೆ. ಫೋನು ಹೊರಗಿನ ಬುಟ್ಟಿಯಲ್ಲಿ ಇಡಬೇಕು, ಮಾತಾಡಬಾರದು, ಮುಗಿಯುವವರೆಗೆ ಏಳಬಾರದು. ನನಗೆ ದೇವಸ್ಥಾನಕ್ಕೆ ಬಂದಷ್ಟು ಸಂತೋಷ. ಡಾಕ್ಟ್ರ ಹೆಂಡತಿ ಬಾಗಿಲಲ್ಲಿ ನೀರು ಕೊಟ್ಟು, ಬಂದ್ರಿಯಾ ಅಕ್ಕ ಎಂದು ಕೇಳಿ ಒಳಗೆ ಹೋದರು. ನಲವತ್ತರ ಆಸುಪಾಸಿನ ಹೆಂಗಸು. ಅವರೂ ಬರುತ್ತಾರಾ ಎಂದು ಕೇಳಿದೆ. ಅವಳಿಗೆ ಇದೆಲ್ಲ ಹಿಡಿಸುವುದಿಲ್ಲ ಅಕ್ಕ ಎಂದು ಡಾಕ್ಟ್ರು ಬಾಗಿಲು ಹಾಕಿದರು.

ಮೊದಲ ಹಾಡಿನ ಬೇಸ್ ನೆಲದಿಂದ ಎದ್ದು ಕಾಲಿನೊಳಗೆ ಬಂತು. ಯಾರೂ ಚಿಲ್ಲರೆ ಕೇಳಲಿಲ್ಲ. ಹಾಡು ನಡೆಯಿತು, ಮುಗಿಯಿತು, ಮತ್ತೊಂದು ಬಂತು. ತುಂಡು ತುಂಡಾಗಿ ಗೊತ್ತಿದ್ದದ್ದು ಒಂದಕ್ಕೊಂದು ಕೂಡಿಕೊಳ್ಳುತ್ತಾ ಬಂದಾಗ ನಾನು ಕತ್ತಲಲ್ಲಿ ಅತ್ತೆ. ಅಳಲು ಯಾವ ನಿಯಮವೂ ಅಡ್ಡ ಇರಲಿಲ್ಲ.

ಪ್ಲೇಟಿನ ಒಂದು ಮಗ್ಗುಲು ಮುಗಿದಾಗ ಡಾಕ್ಟ್ರು ಎದ್ದು, ಗಾಳಿಗೆಂದು ಬಾಗಿಲು ಚೂರು ತೆರೆದಿಟ್ಟು, ಮಗುಚಿ ಹಾಕಲು ಹೋದರು. ಇಬ್ಬರೂ ಪಿಸುಪಿಸು ಸುರುಮಾಡಿದರು, ಮತ್ತದೇ ಕತ್ತಲೆ, ಮತ್ತದೇ ಬೀಗ. ಆಗ ಬಾಗಿಲಾಚೆಯಿಂದ ಸಣ್ಣ ಗುನುಗು ಕೇಳಿಸಿತು. ಬೇಸಿನ ನಡೆ ಅದು, ಇನ್ನೂ ಸುರುವಾಗದ ಮುಂದಿನ ಹಾಡಿನದ್ದು. ನನಗೆ ಕೂರಲು ಆಗಲಿಲ್ಲ. ನೀರು ಬೇಕು ಎಂದು ಎದ್ದೆ. ಬ್ಯಾಂಕಿನವರು ನಿಯಮ ನೆನಪಿಸಿದರು. ಅರ್ಧ ಆಯುಷ್ಯ ಕಾದು ಬಂದವಳು ಹೀಗೆ ಎದ್ದು ಹೋಗುತ್ತಿದ್ದೇನಲ್ಲ ಎಂದು ನನಗೇ ಹೊಟ್ಟೆ ಉರಿಯಿತು, ಆದರೂ ಹೋದೆ. ನನ್ನ ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಹಾಡು ಸುರುವಾಯಿತು.

ಅಡುಗೆಮನೆಯಲ್ಲಿ ಡಾಕ್ಟ್ರ ಹೆಂಡತಿ ಗೋಳಿಬಜೆಯ ಹಿಟ್ಟು ಕಲಸುತ್ತಿದ್ದರು. ಗೋಡೆಯ ಮೂಲಕ ಬೇಸ್ ಮಾತ್ರ ಬರುತ್ತಿತ್ತು, ಅವರ ಕೈ ಅದರ ಜೊತೆಗೇ ಹಿಟ್ಟಿನಲ್ಲಿ ತಿರುಗುತ್ತಿತ್ತು. ನಿಮಗೆ ಇದು ಹೇಗೆ ಗೊತ್ತು ಎಂದು ಕೇಳಿದೆ. ನಾಚಿಕೊಂಡರು. ಮದುವೆಯಾಗಿ ಬಂದಂದಿನಿಂದ ಕೇಳುತ್ತಿದ್ದಾರಂತೆ. ಈ ಮನೆಯಲ್ಲಿ ಹಾಡಿನ ಹೊತ್ತಿಗೆ ಮಿಕ್ಸಿ ಹಾಕುವಂತಿಲ್ಲ, ಕುಕ್ಕರು ಕೂಗುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ. ತನ್ನ ಮನೆಯಲ್ಲೇ ತುದಿಗಾಲಿನಲ್ಲಿ ನಡೆದಾಡುತ್ತಾ ಅವರು ಆ ಆಲ್ಬಮ್ಮನ್ನು ಮೊದಲಿನಿಂದ ಕಡೆಯವರೆಗೆ ಎಷ್ಟೋ ಸಲ ಕೇಳಿದ್ದಾರೆ, ಬೇಸ್ ಮಾತ್ರ. ದಪ್ಪ ಬಾಗಿಲು ದಾಟಿ ಸ್ವರ ಹೊರಗೆ ಬರುವುದಿಲ್ಲ.

"ಒಳ್ಗೆ ಎಂತ ಹಾಡ್ತ್ರ್ ಅಂದ್ಹೇಳಿ ನಂಗೆ ಗೊತ್ತಿಲ್ಲೆ ಅಕ್ಕ" ಎಂದರು. "ಕಡೇ ಹಾಡ್ ಸುರು ಆಯ್ತ್ ಅಂದ್ರೆ ಚಾಕ್ಕೆ ನೀರ್ ಇಡೂದ್."

ಕಡೆಯ ಹಾಡು ಬಂದಾಗ ಹೇಳಿದ ಹಾಗೆಯೇ ನೀರಿಟ್ಟರು. ಹಾಡು ಮುಗಿಯುವುದಕ್ಕೂ ಚಾ ಕುದಿಯುವುದಕ್ಕೂ ಸರಿಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಡಾಕ್ಟ್ರು ಕೆಟ್ಟ ಮನುಷ್ಯರಲ್ಲ, ನನ್ನ ಗಂಡನೂ ಅಲ್ಲ, ನನ್ನ ಅಪ್ಪನೂ ಆಗಿರಲಿಲ್ಲ.

ಗಂಡಸರಿಬ್ಬರೂ ಹೊರಗೆ ಬಂದು, ಕಡೆಯ ಹಾಡು ನೀವು ಕೇಳಬೇಕಿತ್ತು ಎಂದರು. ಇನ್ನೊಮ್ಮೆ ಮೊದಲಿನಿಂದ ಹಾಕಿ ಎಂದೆ. ಈ ಸಲ ಒಳಗೆ ನಾವು ಹೆಂಗಸರಿಬ್ಬರು ಕೂರುತ್ತೇವೆ, ಬಜೆ ಕರಿಯುವುದು ನೀವು, ಇನ್ನೊಂದು ಚಾ ಮಾಡುವುದೂ ನೀವು. ಅವಳಿಗೆ ಇದು ಹಿಡಿಸುವುದಿಲ್ಲ ಎಂದು ಡಾಕ್ಟ್ರು ಮತ್ತೆ ಸುರುಮಾಡಿದರು.

"ಅವ್ರನ್ನ್ ಕೇಂಡಿದ್ರಿಯಾ?" ಎಂದೆ.

ಡಾಕ್ಟ್ರು ಹೆಂಡತಿಯ ಮುಖ ನೋಡಿದರು. ಅವರು ಹಿಟ್ಟಿನ ಕೈಯನ್ನು ನೋಡಿಕೊಳ್ಳುತ್ತಿದ್ದರು. ಡಾಕ್ಟ್ರ ಕಿವಿ ಕೆಂಪಾಯಿತು. ಒಳಗೆ ಬಂದು, ಮುಳ್ಳನ್ನು ಹೇಗೆ ಎತ್ತುವುದು, ಪ್ಲೇಟು ಹೇಗೆ ಮಗುಚುವುದು ಎಂದು ನನಗೆ ತೋರಿಸಿ, ಬಾಗಿಲು ಎಳೆದುಕೊಂಡು ಹೋದರು.

ಮತ್ತೆ ಮೊದಲ ಹಾಡು. ಸ್ವರ ಬಂದ ಕೂಡಲೇ ಆಕೆ ನನ್ನ ಕೈ ಹಿಡಿದರು, ಹಿಟ್ಟು ತೊಳೆದ ತಣ್ಣನೆಯ ಕೈ. ಎರಡನೆಯ ಹಾಡಿನ ನಡುವೆ, ಇವ ನೆಗಾಡ್ತಿದ್ದ ಅಲ್ದಾ ಅಕ್ಕ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಅಷ್ಟೇ ಮಾತು. ಎರಡು ಹಾಡುಗಳ ನಡುವೆ, ಹೊರಗಿನ ಬುಟ್ಟಿಯಲ್ಲಿ ನನ್ನ ಫೋನು ಬಡಿದುಕೊಂಡು ಸುಮ್ಮನಾಯಿತು. ಬಸ್ಸಿನ ಹೊತ್ತು ಮೀರುತ್ತಿದೆ ಎಂದು ಗೊತ್ತಿತ್ತು. ನಾನೇ ಪ್ಲೇಟು ಮಗುಚಿದೆ. ಹಾಡುಗಳು ಒಂದರ ಹಿಂದೆ ಒಂದು ಬಂದವು, ಯಾರೂ ತುಂಡು ಮಾಡಲಿಲ್ಲ. ಇನ್ನು ಕಡೆಯದ್ದು ಒಂದೇ. ಅದು ಮುಗಿದರೆ ನನ್ನ ಇಷ್ಟು ವರ್ಷದ ಆಸೆ ಮುಗಿಯಿತು.

ಅದರ ಬೇಸ್ ಸುರುವಾದ ಕೂಡಲೇ ಆಕೆ ಕುರ್ಚಿಯಲ್ಲಿ ಅರ್ಧ ಎದ್ದಿದ್ದರು. ಎಲ್ಲಿಗೆ ಎಂದು ಗೊತ್ತಾಗದೆ ನಿಂತರು. ಕಾಲು ಅಡುಗೆಮನೆಗೆ ಹೊರಟಿತ್ತು. ಮತ್ತೆ ಕೂತು, ನನ್ನ ಸೆರಗು ಹಿಡಿದರು.

"ಅಕ್ಕ, ಇದ್ ಮುಗ್ಸುದ್ ಬ್ಯಾಡ. ಮುಗುದ್ರೆ ಏಳ್ಕ್."

ಒಂದು ಗಳಿಗೆ ಆಕೆಯ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಕೈ ಕೊಡವಿಬಿಡೋಣ ಅನ್ನಿಸಿತು. ಆಮೇಲೆ ಬೈಂದೂರಿನ ಆ ಕುರ್ಚಿ ಕಣ್ಣಿಗೆ ಬಂತು, ಹಾಡು ಮುಗಿದರೆ ನಾನೂ ಎದ್ದು ಅಲ್ಲಿಗೇ ಹೋಗಬೇಕು. ಎದ್ದು ಹೋಗಿ, ಡಾಕ್ಟ್ರು ತೋರಿಸಿದ ಹಾಗೆ ಬೆರಳಿನಿಂದ ಮುಳ್ಳನ್ನು ಎತ್ತಿದೆ. ಪ್ಲೇಟು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ವಾಪಸ್ಸು ಬಂದು ಕೂತೆ.

ಹೊರಗಿನಿಂದ ಡಾಕ್ಟ್ರು ಬಾಗಿಲು ತಟ್ಟಿ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದರು. ನಾವಿಬ್ಬರೂ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ ಕೂತೆವು.